ಗಾಜಿನ ತಟ್ಟೆಯಲ್ಲಿ ಪಾಕದಮ್ಮನ ಅಂಗೈ

ನನ್ನ ಕರಪತ್ರದ ಪರಿಣಾಮವನ್ನು ಅನುಭವಿಸಿದವರು ಬೆಂಗಳೂರಿನ ಪ್ರಯೋಗಾಲಯದವರಲ್ಲ. ಅವರಿಗೆ ದಾರಿ ತೋರಿಸಿದ ಚರ್ಮದ ಡಾಕ್ಟರಲ್ಲ. ನ್ಯಾಯವಾಗಿ ಅನುಭವಿಸಬೇಕಾಗಿದ್ದ ನಾನೂ ಅಲ್ಲ. ಅನುಭವಿಸಿದವರು ಶೃಂಗೇರಿಯಲ್ಲಿ ಸಮಾರಂಭಗಳಿಗೆ ಸಿಹಿ ಮಾಡಿ ಬದುಕುತ್ತಿದ್ದ ಒಬ್ಬ ಹೆಂಗಸು. ಹೆಚ್ಚುಕಡಿಮೆ ಒಂದು ಇಡೀ ಮದುವೆ-ಮುಂಜಿಯ ಹಂಗಾಮಿನಲ್ಲಿ ಅವರನ್ನು ಯಾರೂ ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವರ ನಂತರ ಅನುಭವಿಸಿದವರು, ಆ ಹಂಗಾಮಿನಲ್ಲಿ ಬೇರೆಯವರು ಕಾಯಿಸಿದ ಮೈಸೂರುಪಾಕನ್ನು ನಂಬಿ ಕಚ್ಚಿದ ಅತಿಥಿಗಳು.

ಊರವರು ಆಕೆಯನ್ನು ಪಾಕದಮ್ಮ ಎನ್ನುತ್ತಿದ್ದರು. ಅನ್ನ, ಹುಳಿ, ಪಲ್ಯಗಳೆಲ್ಲ ಗಂಡಸರಾದ ಅಡುಗೆ ಭಟ್ಟರ ಕೈಯಲ್ಲಿದ್ದರೂ ಸಿಹಿಯ ಪಾಕದ ಹೊತ್ತಿಗೆ ಅವರೆಲ್ಲ ಸೌಟು ಕೆಳಗಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಅದಕ್ಕೆ ಕಾರಣ ಪಾಕದಮ್ಮನ ಅಂಗೈ. ಹುಟ್ಟಿನಿಂದಲೇ ಅದು ಹಳೆಯ ಚಪ್ಪಲಿಯ ಅಟ್ಟೆಯಷ್ಟು ದಪ್ಪ. ಅವರ ತಾಯಿಗೂ, ಅಜ್ಜಿಗೂ ಹಾಗೆಯೇ ಇತ್ತಂತೆ. ಉಳಿದವರು ಸಕ್ಕರೆ ಪಾಕವನ್ನು ಸೌಟಿನಿಂದ ಬಟ್ಟಲಿಗೆ ಹಾಕಿ, ಊದಿ, ಆರಿಸಿ, ಅದು ಎಷ್ಟು ಎಳೆ ಬಂದಿದೆ ಎಂದು ನೋಡುವಷ್ಟರಲ್ಲಿ ಬಾಣಲೆಯ ಪಾಕ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಪಾಕದಮ್ಮನಾದರೋ ಕುದಿಯುವ ಬಾಣಲೆಗೇ ಎರಡು ಬೆರಳು ಅದ್ದಿ, ಹೊರಗೆಳೆದು, ಎಳೆ ಬಿಡಿಸಿ, "ಇಳ್ಸಿ" ಎನ್ನುತ್ತಿದ್ದರು. ಆ ಮಾತಿನ ಮೇಲೆ ಮೇಲ್ಮನವಿ ಇರಲಿಲ್ಲ.

ಕೊಪ್ಪದಲ್ಲಿ ನಡೆದ ಒಂದು ಚರ್ಮರೋಗ ತಪಾಸಣಾ ಶಿಬಿರಕ್ಕೆ ಆಕೆ ಹೋದದ್ದು ಹಿಮ್ಮಡಿ ಒಡಕಿಗೆ ಮುಲಾಮು ಕೇಳಲು. ಡಾಕ್ಟರು ಹಿಮ್ಮಡಿಯನ್ನು ಬಿಟ್ಟು ಅಂಗೈಯನ್ನು ಹಿಡಿದುಕೊಂಡು, ಮಂಡಿಯ ವ್ಯಾಪಾರಿ ಒಳ್ಳೆಯ ಅಡಿಕೆಯನ್ನು ಬೆಳಕಿಗೆ ಹಿಡಿಯುವಂತೆ ತಿರುಗಿಸಿ ತಿರುಗಿಸಿ ನೋಡಿದರು. ಹದಿನೈದು ದಿನಗಳಲ್ಲಿ ಬೆಂಗಳೂರಿನಿಂದ ಮೂವರು ಜೀಪಿನಲ್ಲಿ ಶೃಂಗೇರಿಗೆ ಬಂದಿಳಿದರು. ಸೂಜಿ ಚುಚ್ಚಿ ಮರಗಟ್ಟಿಸಿ, ಅಂಗೈಯಿಂದ ಉದ್ದಿನಬೇಳೆಯಷ್ಟು ಚರ್ಮ ತೆಗೆದುಕೊಂಡರು. ಏಳು ಪುಟಗಳ ಇಂಗ್ಲಿಷ್ ಒಪ್ಪಿಗೆಪತ್ರದ ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಚರ್ಮಕ್ಕೆ ಗೆರೆಗಳೇ ಸರಿಯಾಗಿ ಮೂಡುತ್ತಿರಲಿಲ್ಲವಾದ್ದರಿಂದ ಕಾಗದದ ಮೇಲೆ ಬಿದ್ದದ್ದು ಬರೀ ಮಸಿಯ ಮುದ್ದೆ. ಪಾಕದಮ್ಮ ಪ್ರತಿ ವಾರ ವಾರಪತ್ರಿಕೆಯ ಪದಬಂಧವನ್ನು ಪೆನ್ನಿನಲ್ಲೇ, ಒಂದೂ ಚಿತ್ತಿಲ್ಲದೆ ತುಂಬಿಸುವವರು. ನಿಮಗೆ ಬರೆಯಲು ಬರುತ್ತದೆಯೇ ಎಂದು ಆ ಮೂವರಲ್ಲಿ ಯಾರೂ ಕೇಳಲಿಲ್ಲ.

"ಎಂತಕ್ಕೆ ಬೇಕು ಇದು?" ಎಂದು ಕೇಳಿದ್ದಕ್ಕೆ, "ಇದನ್ನು ದಪ್ಪ ಮಾಡುವುದು ಯಾವುದು ಅಂತ ಹುಡುಕ್ತೀವಿ ಅಮ್ಮ, ಗೊತ್ತಾದ ಕೂಡಲೇ ತಿಳಿಸ್ತೀವಿ," ಎಂದು ಹೇಳಿ ಹೋದವರು ಆಮೇಲೆ ಒಂದು ಕಾರ್ಡನ್ನೂ ಹಾಕಲಿಲ್ಲ.

ನಾನು ಆಗ ಕೊಪ್ಪದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ನಾನು ಓದಿದ ಶಾಲೆಯಲ್ಲಿ ಪ್ರಾರ್ಥನೆಯ ಬದಲು ಪ್ರಶ್ನೆ ಕೇಳುವ ಅವಧಿ ಇತ್ತು. ಅನ್ಯಾಯವನ್ನು ಕಂಡರೆ ಅದಕ್ಕೆ ಒಂದು ಕ್ರಮಸಂಖ್ಯೆ ಕೊಟ್ಟು ಬರೆದಿಡಬೇಕೆಂದು ಅಲ್ಲಿ ಕಲಿಸಿದ್ದರು. ಬೆಂಗಳೂರಿನಲ್ಲಿ ಅಧ್ಯಾಪಕರ ತರಬೇತಿಗೆ ಹೋದಾಗ ನಮ್ಮನ್ನೆಲ್ಲ ಒಂದು ಪ್ರಯೋಗಾಲಯಕ್ಕೆ ಕರೆದೊಯ್ದರು. ಬಾಗಿಲಲ್ಲಿಯೇ ಚಪ್ಪಲಿ ಬಿಡಿಸಿದರು. ಕೈ ತೊಳೆಸಿದರು. ಒಗೆದ ಬಿಳಿಯ ನಿಲುವಂಗಿ ತೊಡಿಸಿ, ಕೈಗವಸಿನ ಮೇಲೆ ಸ್ಪಿರಿಟ್ ಸುರಿದು, ಯಾವುದನ್ನೂ ಮುಟ್ಟಬಾರದೆಂದರು. ಒಬ್ಬ ತರುಣ ಸಂಶೋಧಕಿ ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ತಟ್ಟೆಯೊಂದನ್ನು ಇಟ್ಟು ನೋಡಲು ಹೇಳಿದರು. ತಿಳಿಗುಲಾಬಿ ಬಣ್ಣದ ದ್ರವದಲ್ಲಿ ಜೀವಕೋಶಗಳು ಹಂಚು ಹೊದಿಸಿದಂತೆ ಒತ್ತೊತ್ತಾಗಿ ಬೆಳೆದಿದ್ದವು.

"ಇದು ನಿಮ್ಮ ಕಡೆಯದೇ ಸರ್," ಎಂದರು ಆಕೆ ಉತ್ಸಾಹದಿಂದ. "ಶೃಂಗೇರಿಯ ಒಬ್ಬ ಅಜ್ಜಿಯ ಅಂಗೈ. ಒಂದು ವರ್ಷದಿಂದ ಸಾಕ್ತಾ ಇದೀವಿ."

ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಇವುಗಳಿಗೆ ಏನು ಮಾಡುತ್ತೀರಿ?"

"ವೈರಸ್ ಹಾಕ್ತೀವಿ."

ನನ್ನ ಮುಖ ನೋಡಿ ಅವರು ತಾಳ್ಮೆಯಿಂದ ವಿವರಿಸಿದರು. ಅವರ ವಿವರಣೆ ಚೆನ್ನಾಗಿಯೇ ಇತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಜೀವಕೋಶದೊಳಗೆ ನುಗ್ಗುವ ವಿದ್ಯೆ ವೈರಸ್ಸಿಗೆ ಗೊತ್ತು. ಅದರ ಹೊಟ್ಟೆಯಿಂದ ರೋಗ ತರುವ, ಮರಿ ಹಾಕುವ ಸರಕನ್ನೆಲ್ಲ ಇಳಿಸಿಬಿಟ್ಟರೆ ಉಳಿಯುವುದು ಖಾಲಿ ಬಸ್ಸು. ಕೊಪ್ಪದಿಂದ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಾವು ಲಕೋಟೆ ಕೊಟ್ಟು ಕಳಿಸುವಂತೆ, ಆ ಬಸ್ಸಿನಲ್ಲಿ ಒಂದು ಸಣ್ಣ ಚೀಟಿಯನ್ನು ಕಳಿಸುತ್ತಾರೆ. ಚೀಟಿ ಜೀವಕೋಶದೊಳಗೆ ಇಳಿದು ಅಲ್ಲಿಯೇ ನೆಲೆಸುತ್ತದೆ. ಬಸ್ಸು ಮುಂದಿನ ಊರಿಗೆ ಹೋಗುವುದಿಲ್ಲ. ಅಂಗೈಯನ್ನು ದಪ್ಪ ಮಾಡುವ ಅನುಮಾನವಿರುವ ವಂಶವಾಹಿ ತನ್ನ ಆಜ್ಞೆಗಳನ್ನು ಬರೆದು ಹೊರಗೆ ಕಳಿಸುತ್ತದಲ್ಲ, ಅವುಗಳನ್ನು ತಲುಪುವ ಮೊದಲೇ ಹರಿದು ಹಾಕಿಸುವುದಷ್ಟೇ ಆ ಚೀಟಿಯ ಕೆಲಸ. ವಂಶವಾಹಿ ಇದ್ದಲ್ಲೇ ಇರುತ್ತದೆ. ಅದರ ಮಾತು ಮಾತ್ರ ನಡೆಯುವುದಿಲ್ಲ. ಆಗ ಚರ್ಮದ ಕೋಶ ಹೇಗೆ ಬದಲಾಗುತ್ತದೆ ಎಂದು ನೋಡುತ್ತಾರೆ.

"ಆ ಅಜ್ಜಿಗೆ ಇದನ್ನು ಹೇಳಿದ್ದೀರಾ?"

"ಒಪ್ಪಿಗೆಪತ್ರದಲ್ಲಿ ಇದೆ ಸರ್. ಐದನೇ ಪುಟ."

"ಇವು ಏನನ್ನು ತಿಂದು ಬದುಕುತ್ತವೆ?" ಎಂದೂ ಕೇಳಿದೆ. ಕೇಳಬಾರದಿತ್ತು.

"ಸಕ್ಕರೆ, ಲವಣ, ಆಮೇಲೆ ಹುಟ್ಟದ ಕರುವಿನ ರಕ್ತದ ತಿಳಿ. ಅದಿಲ್ಲದೆ ಇವು ಬೆಳೆಯೋಲ್ಲ."

ಕೊಪ್ಪಕ್ಕೆ ಮರಳಿದ ವಾರದಲ್ಲೇ ಎಂಟು ಪುಟಗಳ ಕರಪತ್ರ ಅಚ್ಚಾಯಿತು. ಅದರಲ್ಲಿ ಹನ್ನೊಂದು ತಪ್ಪುಗಳಿದ್ದವು, ನನ್ನವಲ್ಲ, ಅವರವು. ಮೊದಲನೆಯದು ಒಪ್ಪಿಗೆಪತ್ರದ ಭಾಷೆ. ಎರಡನೆಯದು ಹೆಬ್ಬೆಟ್ಟು. ಮೂರನೆಯದರಿಂದ ಎಂಟನೆಯದರವರೆಗೆ ಫಲಿತಾಂಶ ತಿಳಿಸದಿರುವುದು, ಚರ್ಮದ ಒಡೆತನ ಮೊದಲಾದ ವಿಚಾರಗಳು. ಒಂಬತ್ತನೆಯದು ಪ್ರಾಣಿಹಿಂಸೆ: "ಆ ತಾಯಿಯ ಸಜೀವ ಚರ್ಮಕ್ಕೆ ಹುಟ್ಟದ ಕರುಗಳ ರಕ್ತವನ್ನು ನಿತ್ಯವೂ ಉಣಿಸಲಾಗುತ್ತಿದೆ." ಹತ್ತನೆಯದು, ಆಕೆಗೆ ತಿಳಿಸದೆ ಅದಕ್ಕೆ ವೈರಸ್ ಹಾಕಿದ್ದು; ಖಾಲಿ ಬಸ್ಸಿನ ಹೋಲಿಕೆಯನ್ನೂ ಅಲ್ಲಿ ಕೊಟ್ಟಿದ್ದೆ. ಸಂಬಂಧಪಟ್ಟವರ ಖಾಸಗಿತನವನ್ನು ಕಾಪಾಡಲು ನಾನು ಹೆಸರು ಬರೆಯಲಿಲ್ಲ, "ಶೃಂಗೇರಿಯ, ಕುದಿಯುವ ಪಾಕಕ್ಕೆ ಬೆರಳು ಅದ್ದಬಲ್ಲ ಒಬ್ಬ ಮಹಿಳೆ" ಎಂದಷ್ಟೇ ಬರೆದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ಊರುಗಳ ಬಸ್ ನಿಲ್ದಾಣಗಳಲ್ಲಿ ನಾನೇ ನಿಂತು ಹಂಚಿದೆ.

ಹಂಚಿದವನ ಆಸೆ, ಓದಿದವರು ಎದ್ದು ನಿಂತು ಒಪ್ಪಿಗೆಯ ಹಕ್ಕನ್ನು ಕೇಳುತ್ತಾರೆಂದು. ಒಪ್ಪಿಗೆಯ ತಪ್ಪುಗಳನ್ನು ಯಾರೂ ಮುಟ್ಟಲಿಲ್ಲ. ಶೃಂಗೇರಿಯ ಸುತ್ತಮುತ್ತ ಒಂಬತ್ತನೆಯದನ್ನು ಮಾತ್ರ ಬಾಯಿಪಾಠ ಮಾಡಿಕೊಂಡರು. ನಮ್ಮ ಕಡೆ ಸಮಾರಂಭದ ಅಡುಗೆಗೆ ಮಡಿ ಬೇಕು. ಸ್ನಾನ ಮಾಡಿ, ಬೇರೆ ಬಟ್ಟೆಯುಟ್ಟು, ಹೊರಗಿನವರನ್ನು ಮುಟ್ಟದೆ ಒಲೆಯ ಮುಂದೆ ನಿಲ್ಲಬೇಕು. ಅದೂ ಒಂದು ತಪ್ಪೇ, ಅದನ್ನೂ ನಾನು ಬೇರೊಂದು ಕರಪತ್ರದಲ್ಲಿ ಖಂಡಿಸಿದ್ದೇನೆ. ಈಗ ಎದ್ದ ಪ್ರಶ್ನೆ ಇದು: ಒಬ್ಬಳ ಜೀವಂತ ಚರ್ಮ ಬೆಂಗಳೂರಿನಲ್ಲಿ ಕೂತು ದಿನಾ ಕರುವಿನ ರಕ್ತ ಕುಡಿಯುತ್ತಿರುವಾಗ, ಆಕೆ ಶೃಂಗೇರಿಯಲ್ಲಿ ಮಡಿಯಲ್ಲಿರುವುದು ಹೇಗೆ?

ನರಸಿಂಹರಾಜಪುರದ ಕಡೆ ಅಡ್ಡಿಯಾದದ್ದು ಹತ್ತನೆಯದು. ಹಿಂದಿನ ಮಳೆಗಾಲದಲ್ಲಿ ಚಿಕೂನ್‌ಗುನ್ಯಾ ಬಂದು ಊರಿಗೆ ಊರೇ ಗೋಡೆ ಹಿಡಿದು ನಡೆದಿತ್ತು. "ವೈರಸ್ಸು ಅಂದ್ಮೇಲೆ ವೈರಸ್ಸೇ ಅಲ್ವಾ ಮೇಷ್ಟ್ರೇ? ಖಾಲಿ ಬಸ್ಸು ಅಂತೀರಿ, ದಾರೀಲಿ ಯಾರೂ ಹತ್ತಲ್ಲ ಅಂತ ಹೇಗೆ ಹೇಳ್ತೀರಿ?" ಎಂದು ಒಬ್ಬ ಜವಳಿ ವ್ಯಾಪಾರಿ ಕೇಳಿದರು. ಮಗಳ ಮದುವೆಯ ಜಿಲೇಬಿಯ ಕೆಲಸವನ್ನು ಅವರು ಶಿವಮೊಗ್ಗದವರಿಗೆ ಒಪ್ಪಿಸಿದರು. ಕೊಪ್ಪದವರು ಮಾತ್ರ ನನ್ನನ್ನು ಬಸ್ ನಿಲ್ದಾಣದಲ್ಲಿ ತಡೆದು, ಚರ್ಮ ಕೊಡಲು ಅರ್ಜಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.

ಒಂದು ಭಾನುವಾರ ಮೊದಲ ಬಸ್ಸಿಗೇ ಪಾಕದಮ್ಮ ಕೊಪ್ಪದ ನನ್ನ ಬಾಡಿಗೆ ಕೋಣೆಗೆ ಬಂದರು. ಅವರು ನನ್ನ ಚಿಕ್ಕಮ್ಮನ ನೆರೆಮನೆಯವರು. ನಲವತ್ತು ದಾಟಿದ ನನ್ನನ್ನು ಮಾಣಿ ಎಂದೇ ಕರೆಯುತ್ತಿದ್ದರು. ಕುರ್ಚಿ ಕೊಟ್ಟರೂ ಕೂರದೆ ಚೀಲದಿಂದ ಕರಪತ್ರ ತೆಗೆದರು. ಪದಬಂಧದ ಪೆನ್ನಿನಿಂದ ಅದರ ತುಂಬ ಗೆರೆ ಎಳೆದಿದ್ದರು.

"ಪೂರ್ತಿ ಓದಿದೆ ಮಾಣಿ. ಹನ್ನೊಂದು ತಪ್ಪು ಬರ್ದಿದೀಯ. ಹನ್ನೆರಡನೇದು ಎಲ್ಲಿ?"

"ಯಾವುದು?"

"ನೀನು."

ನಾನು ಹೆಸರು ಹಾಕಿಲ್ಲವೆಂದು ಹೇಳಹೊರಟೆ.

"ಪಾಕಕ್ಕೆ ಬೆರಳು ಹಾಕೋರು ಶೃಂಗೇರೀಲಿ ಎಷ್ಟು ಜನ ಇದಾರೆ ಅಂದ್ಕೊಂಡೆ? ಹೆಸರೇ ಹಾಕಿದ್ರೆ, ನಾನಲ್ಲ, ಆ ಹೆಸರಿನ ಬೇರೆ ಯಾರೋ ಅಂತಾದ್ರೂ ಹೇಳ್ತಿದ್ದೆ. ಆರು ಮನೆಯೋರು ಬರಬೇಡಿ ಅಂದ್ರು. ಉಳಿದಿರೋದು ಒಂದೇ, ಕಡಹಿನಬೈಲಿನ ತೋಟದೋರ ಷಷ್ಟ್ಯಬ್ದಿ. ಅದೂ ತಪ್ಪಿದ್ರೆ ಮುಂದಿನ ವರ್ಷ ನನ್ನ ಕರಿಯೋ ಅಭ್ಯಾಸವೇ ಹೋಗತ್ತೆ. ಬಿಟ್ಟ ಒಲೆಗೆ ಮತ್ತೆ ಯಾರೂ ಸೇರಿಸಲ್ಲ ಮಾರಾಯ."

"ತೋಟದವರು ಏನೆನ್ನುತ್ತಾರೆ?"

"ಪಂಚಗವ್ಯ ತಗೊಳ್ಳಿ, ನಮ್ಮ ಪುರೋಹಿತರು ಹೂಂ ಅಂದ್ರೆ ಬನ್ನಿ ಅಂತಾರೆ."

ಹಾಲು, ಮೊಸರು, ತುಪ್ಪ, ಗೋಮೂತ್ರ, ಗೋಮಯ ಸೇರಿಸಿ ಕುಡಿಸಿ ಒಬ್ಬರನ್ನು ಶುದ್ಧಗೊಳಿಸುವ ಆ ಕ್ರಮವನ್ನು ತಾತ್ವಿಕವಾಗಿ ವಿರೋಧಿಸಬೇಕೆಂದು ನಾನು ಎದ್ದು ನಿಂತೆ.

"ಕೂತ್ಕೋ. ಕುಡಿಯೋದು ನಂಗೇನೂ ದೊಡ್ಡದಲ್ಲ. ಆದ್ರೆ ಲೆಕ್ಕಕ್ಕೆ ಸರಿ ಬರಲ್ಲ. ತಿಂದಿದ್ದು ನಾನಲ್ಲ, ಗಾಜಿನ ತಟ್ಟೇಲಿರೋ ಚರ್ಮ. ಇಲ್ಲಿ ನಾನು ಕುಡಿದ್ರೆ ಅದಕ್ಕೆ ಹೇಗೆ ಮುಟ್ಟತ್ತೆ? ಪಂಚಗವ್ಯ ಕೊಡೋದಾದ್ರೆ ಅದಕ್ಕೇ ಕೊಡಬೇಕು. ಫೋನ್ ಮಾಡು ಅವರಿಗೆ."

ನಾನು ಹಿಂದೆಮುಂದೆ ನೋಡಿದೆ. ಆಮೇಲೆ ಅನ್ಯಾಯವನ್ನು ಸರಿಪಡಿಸುವ ಹೊಣೆ ನನ್ನದೆಂದು ನೆನಪಾಗಿ, ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಹೋಗಿ, ಸಂಶೋಧಕಿ ತರಬೇತಿಯ ದಿನ ಕೊಟ್ಟಿದ್ದ ಸಂಖ್ಯೆಗೆ ಕರೆ ಮಾಡಿದೆ. ಪಾಕದಮ್ಮ ಬೂತಿನ ಗಾಜಿಗೆ ಹಣೆಯೊತ್ತಿ ಹೊರಗೆ ನಿಂತಿದ್ದರು.

"ಒಂದು ಹನಿ ಮಾತ್ರ," ಎಂದೆ.

"ಏನು ಸರ್? ಸೆಗಣಿಯಾ?" ಎಂದು ಆಕೆ ಕಿರುಚಿದ್ದು ಬೂತಿನ ಹೊರಗೂ ಕೇಳಿಸಿರಬೇಕು. "ಅಲ್ಲಿ ಗಾಳಿಯನ್ನೇ ಸೋಸಿ ಬಿಡ್ತೀವಿ ಸರ್! ನಾನು ಬೆಳಗ್ಗೆ ತಲೆ ಬಾಚಿಕೊಂಡ ಕೋಟಲ್ಲಿ ಒಳಗೆ ಹೋಗೋಲ್ಲ. ಹೊರಗಿನ ಕೈ ಒಂದು ಸಲ ತಾಗಿದರೆ ತಟ್ಟೆಗಟ್ಟಲೆ ಎಸೀಬೇಕು. ಮೊನ್ನೆ ಒಬ್ಬ ಊಟ ಮಾಡಿ ಹಾಗೇ ಬಂದ ಅಂತ ನಮ್ಮ ಮುಖ್ಯಸ್ಥರು ಅವನನ್ನ ಒಂದು ವಾರ ಒಳಗೆ ಬಿಡಲಿಲ್ಲ."

ನಾನು ಅದನ್ನು ಚಾಚೂ ತಪ್ಪದೆ ಪಾಕದಮ್ಮನಿಗೆ ಒಪ್ಪಿಸಿದೆ. ಅವರ ಮುಖ ನಿಧಾನವಾಗಿ ಅರಳಿತು.

"ಹಾಗಾದ್ರೆ ಅದು ನನಗಿಂತ ಮಡೀಲಿದೆ!" ಎಂದರು. "ನಡಿ ಶೃಂಗೇರಿಗೆ. ಒಂದು ಮಾತು ಕೇಳು: ಅಲ್ಲಿ ನೀನು ಬಾಯಿ ಬಿಡಬಾರದು. ನೀನು ಇನ್ನೊಂದು ತಪ್ಪು ಕಂಡುಹಿಡಿದ್ರೆ ನಂದು ಇನ್ನೊಂದು ಹಂಗಾಮು ಹೋಗತ್ತೆ."

ಯಾವ ವೈರಸ್ಸಿನ ನೆರವೂ ಇಲ್ಲದೆ ಆಕೆ ನನ್ನ ಬಾಯಿಯನ್ನು ಕಟ್ಟಿಹಾಕಿದರು.

ಪುರೋಹಿತರು ತುಂಗೆಯ ಮೆಟ್ಟಿಲ ಮೇಲೆ, ಮೊಣಕಾಲಿನ ತನಕ ಕಾಲು ಇಳಿಬಿಟ್ಟು ಕೂತಿದ್ದರು. ಮೀನುಗಳು ಅವರ ಪಾದಕ್ಕೆ ಮುತ್ತಿಕೊಂಡಿದ್ದವು. ಷಷ್ಟ್ಯಬ್ದಿಯ ಯಜಮಾನರಾದ ತೋಟದವರೂ ಸಾಮಗ್ರಿಗಳ ಪಟ್ಟಿ ಹಿಡಿದು ಮೇಲಿನ ಮೆಟ್ಟಿಲಲ್ಲಿದ್ದರು. ಪಾಕದಮ್ಮ ವಿಷಯವನ್ನೆಲ್ಲ ತಾವೇ ನಿವೇದಿಸಿದರು.

"ಒಳಗೆ ಹೋಗೋ ಮುಂಚೆ ಕೈಕಾಲು ತೊಳೀತಾರಾ?" ಪುರೋಹಿತರು ನನ್ನನ್ನು ಕೇಳಿದರು.

ನಾನು ತಲೆಯಾಡಿಸಿದೆ.

"ಬೇರೆ ಬಟ್ಟೆ?"

ತಲೆಯಾಡಿಸಿದೆ.

"ಊಟ ಮಾಡಿ ಬಂದವನ್ನ ಸೇರಿಸಲ್ಲ?"

"ಒಂದು ವಾರ," ಎಂದುಬಿಟ್ಟೆ. ಪಾಕದಮ್ಮ ನನ್ನನ್ನು ದುರುಗುಟ್ಟಿ ನೋಡಿದರು.

"ನಮ್ಮ ಅಡುಗೆಮನೇಲಿ ಇಷ್ಟು ಮಡಿ ಉಳಿದಿದ್ಯಾ?" ಎಂದು ಪುರೋಹಿತರು ತೋಟದವರ ಕಡೆ ತಿರುಗಿದರು. "ನಿಮ್ಮ ಮೊಮ್ಮಗ ಮೊನ್ನೆ ಚಪ್ಪಲಿ ಹಾಕ್ಕೊಂಡೇ ದೇವರ ಕೋಣೆಗೆ ಬಂದ."

ತೋಟದವರು ಬಿಡಲಿಲ್ಲ. "ಅದೆಲ್ಲ ಸರಿ. ಆದ್ರೆ ತಿನ್ನೋದು ಕರುವಿನ ರಕ್ತ ಅಲ್ವಾ? ತಿನ್ನೋದು ಇವರ ಚರ್ಮ ಅಲ್ವಾ?"

ಪುರೋಹಿತರು ಪಾದದ ಕಡೆ ಬೆರಳು ತೋರಿಸಿದರು. "ಐವತ್ತು ವರ್ಷದಿಂದ ದಿನಾ ಇಲ್ಲಿ ಕೂರ್ತೀನಿ. ಈ ಮೀನುಗಳು ನನ್ನ ಕಾಲಿನ ಚರ್ಮ ಕಿತ್ತು ಕಿತ್ತು ಬೆಳೆದಿದಾವೆ. ಅಂದ್ರೆ ನನ್ನ ಚರ್ಮ ಅವುಗಳ ಮೈಯಾಗಿದೆ. ಅವು ದಿನಾ ಹುಳ ತಿಂತಾವೆ. ಹಾಗಂತ ನಾನು ಹುಳ ತಿಂದ ಹಾಗಾಯ್ತಾ?"

ತೋಟದವರು ಬಗ್ಗಿ ಮೀನುಗಳನ್ನು ನೋಡಿದರು.

"ಹುಳ ತಿಂದ ಹಾಗಾಯ್ತು ಅಂತಾದ್ರೆ," ಎಂದು ಪುರೋಹಿತರು ಮುಂದುವರಿಸಿದರು, "ನಿಮ್ಮ ಷಷ್ಟ್ಯಬ್ದಿಗೆ ಬೇರೆ ಪುರೋಹಿತರನ್ನ ಹುಡುಕ್ಕೊಳ್ಳಿ. ಶೃಂಗೇರೀಲಿ ತುಂಗೆಗೆ ಕಾಲಿಡದವರು ಯಾರಾದ್ರೂ ಸಿಕ್ಕಿದ್ರೆ."

ತೋಟದವರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು. "ಮೈಸೂರುಪಾಕೋ, ಚಿರೋಟಿಯೋ?" ಎಂದು ಪಾಕದಮ್ಮನನ್ನು ಕೇಳಿದರು.

ದೇಹದಿಂದ ಬೇರ್ಪಟ್ಟ ಜೀವಕೋಶದ ನೈತಿಕ ಸ್ಥಾನಮಾನದ ಬಗ್ಗೆ ನಾನು ಎಂಟು ಪುಟ ಬರೆದೂ ಸಾಧಿಸದ ತೀರ್ಮಾನವನ್ನು ಮೀನುಗಳು ಹೀಗೆ ಸಾಧಿಸಿಕೊಟ್ಟವು. ತೀರ್ಮಾನ ಸರಿಯಾಗಿದ್ದರೂ ಅದಕ್ಕೆ ಬಂದ ದಾರಿ ತಪ್ಪೆಂದು, ಷಷ್ಟ್ಯಬ್ದಿಗೆ ಹೋಗುವ ಬಸ್ಸಿನಲ್ಲಿ ಪಾಕದಮ್ಮನಿಗೆ ವಿವರಿಸಲು ಹೋದೆ. ಆಕೆ ಪದಬಂಧ ತೆಗೆದು, "ಎಡದಿಂದ ಬಲಕ್ಕೆ, ನಾಲ್ಕಕ್ಷರ, ತೆಪ್ಪಗಿರು ಅನ್ನೋದಕ್ಕೆ ಎಂತ ಬರಿಯೋದು?" ಎಂದರು.

ಕಡಹಿನಬೈಲಿನಲ್ಲಿ ಅಂದು ಜನ ಊಟಕ್ಕಿಂತ ಹೆಚ್ಚಾಗಿ ಒಲೆಯನ್ನು ನೋಡಲು ಸೇರಿದ್ದರು. ಅಡುಗೆ ಭಟ್ಟರು ಸೌಟು ಇಳಿಸಿ ಸರಿದರು. ಪಾಕದಮ್ಮ ಸೆರಗು ಸಿಕ್ಕಿಸಿಕೊಂಡು, ಬಲಗೈಯ ಎರಡು ಬೆರಳುಗಳನ್ನು ಬಾಣಲೆಗೆ ಅದ್ದಿ ಮೇಲೆತ್ತಿದರು. ಅಂಗೈಯ ನಡುವೆ, ಉದ್ದಿನಬೇಳೆಯಷ್ಟು ಜಾಗದಲ್ಲಿ, ಚರ್ಮ ತೆಗೆದ ಕಲೆ ಬೆಳ್ಳಗೆ ಕಾಣುತ್ತಿತ್ತು. ಬೆರಳುಗಳ ನಡುವೆ ಎಳೆ ನಿಂತಿತು. "ಇಳ್ಸಿ," ಎಂದರು. ಆ ಮೈಸೂರುಪಾಕು ಬಾಯಲ್ಲಿ ಇಟ್ಟಲ್ಲೇ ಕರಗಿತು. ನಾನು ಐದು ತಿಂದೆ. ಸಮಾರಂಭಗಳಲ್ಲಿನ ದುಂದುವೆಚ್ಚವನ್ನು ಖಂಡಿಸುವ ಕರಪತ್ರವನ್ನು ಜೇಬಿನಿಂದ ತೆಗೆಯಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ಮಳೆಗಾಲ ಕಳೆದು ಮುಹೂರ್ತಗಳು ಹತ್ತಿರವಾದಾಗ ಕರೆಯಲು ಬಂದವರಲ್ಲಿ ಅರ್ಧ ಜನ ಬೇರೆ ಪುರೋಹಿತರನ್ನು ಕರೆಸುವ ಮನೆಯವರು. ಅವರಿಗೆ ಮೀನಿನ ಮಾತು ಸಾಲದಾಯಿತು. "ಬೆಂಗಳೂರಿನೋರು ಏನಾದ್ರೂ ಕಾಗದ ಕೊಟ್ಟಿದಾರಾ ಅಮ್ಮ?" ಎಂದು ಕೇಳತೊಡಗಿದರು. ನರಸಿಂಹರಾಜಪುರದ ಕಡೆಯವರೂ ಅದನ್ನೇ ಕೇಳಿದರು: ವೈರಸ್ಸನ್ನು ತಟ್ಟೆಗೆ ಹಾಕಿದ್ದೇ ಹೊರತು ಇವರ ಮೈಗಲ್ಲ ಎಂದು ಒಂದು ಸಾಲು ಬರಹದಲ್ಲಿದ್ದರೆ ಸಾಕು ಎಂದು. ನಾನು ಬರೆದುಕೊಡುತ್ತೇನೆಂದೆ. "ನೀನು ಬರ್ದಿದ್ದು ಸಾಕು ಮಾಣಿ," ಎಂದರು ಪಾಕದಮ್ಮ. ಆಮೇಲೆ ತಮ್ಮ ಅಂಗೈಯನ್ನೇ ನೋಡುತ್ತ ಕೇಳಿದರು: "ಅಲ್ಲ, ಅಷ್ಟೆಲ್ಲ ಮಾಡಿದ್ರಲ್ಲ, ಕಡೆಗೂ ಅದು ಅಲ್ಲಿ ಮೆತ್ತಗಾಯ್ತಾ? ತಿಳಿಸ್ತೀವಿ ಅಂದಿದ್ರು. ನಂಗೆ ಮೆತ್ತಗಾಗೋದು ಬೇಡ, ಪಾಕ ನೋಡೋಕೆ ಕಷ್ಟ. ಆದ್ರೂ ನಂದೇ ಅಲ್ವಾ ಅದು."

ಪ್ರಯೋಗಾಲಯಕ್ಕೆ ನಾನು ಬರೆದ ಪತ್ರಗಳಿಗೆ ಉತ್ತರ ಬಂದಿಲ್ಲ. ಆದುದರಿಂದ, ಪ್ರಯೋಗಾಲಯದ ಮುಖ್ಯಸ್ಥರೇ, ಬರುವ ಮಾಘದ ಮುಹೂರ್ತಗಳು ಶುರುವಾಗುವ ಮೊದಲು ನೀವು ಮಾಡಬೇಕಾದದ್ದು ಇಷ್ಟು. ಹನ್ನೊಂದು ತಪ್ಪುಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಒಂದು ಪುಟದ ಪತ್ರ ಬರೆಯಿರಿ. ಕನ್ನಡದಲ್ಲಿ, ನನಗಲ್ಲ, ಪಾಕದಮ್ಮನಿಗೆ. ಅವರ ಚರ್ಮದ ಕೋಶಗಳಿಗೆ ಯಾವ ವೈರಸ್ಸನ್ನು, ಏಕೆ ಹಾಕಿದಿರಿ ಎಂದು ಹೇಳಿ. ಅದು ಅವರ ಮೈಗೆ ಯಾವತ್ತೂ ಹೋಗಿಲ್ಲವೆಂದು ಮೊಹರಿನ ಸಮೇತ ಹೇಳಿ. ಆ ವಂಶವಾಹಿಯ ಮಾತು ನಿಂತ ಮೇಲೆ ಚರ್ಮ ಮೆತ್ತಗಾಯಿತೋ ಇಲ್ಲವೋ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ. ಕೊನೆಯಲ್ಲಿ, ತಟ್ಟೆಯಲ್ಲಿರುವುದನ್ನು ಇನ್ನೂ ಸಾಕಬಹುದೇ ಎಂದು ಅವರನ್ನು ಕೇಳಿ, ಉತ್ತರಕ್ಕೆ ಜಾಗ ಬಿಡಿ. ಪತ್ರವನ್ನು ತರುವವರ ಕೈಯಲ್ಲಿ ಮಸಿಯ ಪ್ಯಾಡ್ ಕೊಡಬೇಡಿ. ಪೆನ್ನು ಪಾಕದಮ್ಮನ ಬಳಿ ಇದೆ.